ಒಂದು ಕಿಲೋ ಏಳುನೂರು ಗ್ರಾಂ ಸೌಂದರ್ಯ

ಗೊಬ್ಬೂರ, ಅಫಜಲಪುರ ತಾಲೂಕು
31-10-1994

ಜಿಲ್ಲಾ ಕೇಂದ್ರದಲ್ಲಿ ಕುಳಿತಿರುವ ವಿಮಾ ಕಂಪನಿಯ ಮಾನ್ಯ ವಿಭಾಗೀಯ ವ್ಯವಸ್ಥಾಪಕರೇ,

ನಾನು ಚೆಲುವೆಯಾಗುವ ಆಸೆಗೆ ಬಿದ್ದು ಸೊಲ್ಲಾಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದೆನೆಂಬ ಸಂಗತಿ ಸೆಪ್ಟೆಂಬರ್ ಹನ್ನೆರಡರ ನಿಮ್ಮ ಪತ್ರದಿಂದ ತಿಳಿಯಿತು. ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ನನ್ನ ಮೊಲೆಗಳ ಭಾರ ಇಳಿಸಲು ವೈದ್ಯರು ಮಾಡಿದ ಶಸ್ತ್ರಚಿಕಿತ್ಸೆ 'ಕಾಸ್ಮೆಟಿಕ್', ಅಂದರೆ ಅಂದ ಹೆಚ್ಚಿಸಿಕೊಳ್ಳಲು ಮಾಡಿಸಿಕೊಂಡದ್ದು, ಆದ್ದರಿಂದ ಪಾಲಿಸಿಯ ನಿಯಮದಂತೆ ಕ್ಲೇಮು ತಿರಸ್ಕರಿಸಲಾಗಿದೆ ಎಂದು ತಾವು ಸಹಿ ಹಾಕಿ ಮೊಹರು ಒತ್ತಿದ್ದೀರಿ. ಅಷ್ಟಕ್ಕೇ ನಿಂತಿದ್ದರೆ ನಾಲ್ಕು ದಿನ ನಿಮ್ಮನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ನಮ್ಮದು ನೌಕರರ ಸಮೂಹ ಪಾಲಿಸಿ, ಕಂತು ಸಂಬಳದಲ್ಲೇ ಕಡಿತವಾಗುತ್ತದೆ ಎಂಬ ಕಾರಣಕ್ಕೆ ಆ ಪತ್ರದ ಪ್ರತಿಯನ್ನು ನಮ್ಮ ಇಲಾಖೆಗೂ ಕಳಿಸಿದಿರಿ. ಇಲಾಖೆಯ ಮೇಲಿನವರು ಅದನ್ನು ಓದಿ, ಸೌಂದರ್ಯ ಚಿಕಿತ್ಸೆಗಾಗಿ ವೈದ್ಯಕೀಯ ರಜೆ ದುರುಪಯೋಗ ಮಾಡಿಕೊಂಡಿದ್ದಕ್ಕೆ ನನ್ನನ್ನು ನೌಕರಿಯಿಂದ ಏಕೆ ತೆಗೆಯಬಾರದು ಎಂದು ನನಗೆ ನೋಟೀಸು ಕೊಟ್ಟಿದ್ದಾರೆ. ನವೆಂಬರ್ ಇಪ್ಪತ್ತೊಂದಕ್ಕೆ ವಿಚಾರಣೆ. ಅಷ್ಟರೊಳಗೆ ತಾವು ಬರೆದ ಆ ಒಂದು ಪದವನ್ನು ತಾವೇ ವಾಪಸು ಪಡೆಯದಿದ್ದರೆ ನನ್ನ ಹದಿನಾರು ವರ್ಷದ ನೌಕರಿ ಹೋಗುತ್ತದೆ. ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ ಬರೆಯುತ್ತಿರುವುದು ಅದಕ್ಕೆ.

ಇಂಥ ವಿಷಯವನ್ನು ಹೆಣ್ಣುಮಗಳೊಬ್ಬಳು ಪತ್ರಿಕೆಯಲ್ಲಿ ಬರೆಯುವುದೇ ಎಂದು ಓದುವವರಲ್ಲಿ ಕೆಲವರು ಹುಬ್ಬೇರಿಸಬಹುದು. ನಿಮಗೆ ಮೂರು ರಿಜಿಸ್ಟರ್ ಪತ್ರ ಬರೆದೆ. ಮೂರಕ್ಕೂ ಸಹಿ ಮಾಡಿ ತೆಗೆದುಕೊಂಡ ಚೀಟಿ ವಾಪಸು ಬಂತು, ಉತ್ತರ ಬರಲಿಲ್ಲ. ನಾಚಿಕೆಯ ಮಾತಾದರೆ, ನನ್ನ ಪಾಲಿನ ನಾಚಿಕೆಯನ್ನು ನಿಮ್ಮ ಕಚೇರಿಯೇ ಕಳೆದು ಕೈಗೆ ಕೊಟ್ಟಿದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ. ಇನ್ನು 'ಮೊಲೆ' ಎಂಬ ಪದ. ಹೆರಿಗೆ ಮನೆಯಲ್ಲಿ ಕೂಸಿಗೆ ಮೊಲೆ ಕೊಡಿಸಿ ಎಂದು ಸಾವಿರ ಸಲ ಹೇಳಿದವಳು ನಾನು. ಪತ್ರಿಕೆಯ ಸಂಪಾದಕರು ಬೇಕಾದರೆ ಅದನ್ನು ಸ್ತನ ಎಂದು ತಿದ್ದಿಕೊಳ್ಳಲಿ. ಹೆಸರು ಬದಲಿಸಿದರೆ ಭಾರವೇನೂ ಕಡಿಮೆಯಾಗುವುದಿಲ್ಲ.

ನಾನು ಯಾರೆಂದು ನಿಮಗೆ ಪಾಲಿಸಿ ನಂಬರಿನಿಂದ ಮಾತ್ರ ಗೊತ್ತು. ಹೆಸರು ಮಲ್ಕಮ್ಮ. ಆಳಂದ ತಾಲೂಕಿನ ಮಾದನಹಿಪ್ಪರಗಾ ತವರು. ನನ್ನ ಅವ್ವ ಮರೆಮ್ಮ ಇಡೀ ಆಯುಷ್ಯ ಬೇರೆಯವರ ಹೊಲದಲ್ಲಿ ಕಳೆ ತೆಗೆದಳು, ಜೋಳ ಕೊಯ್ದಳು. ನಮ್ಮ ಓಣಿಯಲ್ಲಿ ಹತ್ತನೆಯ ಇಯತ್ತೆ ಪಾಸಾದ ಮೊದಲ ಹುಡುಗಿ ನಾನು. ಕಿರಿಯ ಆರೋಗ್ಯ ಸಹಾಯಕಿ ಎಂಬ ಹುದ್ದೆ ಸಿಕ್ಕಿದ್ದು 1978ರಲ್ಲಿ. ಅಂದಿನಿಂದ ಇಲ್ಲೇ ಅಫಜಲಪುರ ಸೀಮೆಯ ಹಳ್ಳಿಗಳಲ್ಲಿ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ತಿರುಗಿದ್ದೇನೆ. ಹಳ್ಳಿಯಲ್ಲಿ ನನ್ನನ್ನು ನರ್ಸಬಾಯಿ ಎನ್ನುತ್ತಾರೆ. ಮೊದಲು ಹಾಗೂ ಅನ್ನುತ್ತಿರಲಿಲ್ಲ. ನಾನು ಯಾವ ಓಣಿಯವಳು ಎಂದು ಕೇಳಿ, ಬಾಗಿಲಲ್ಲೇ ನಿಲ್ಲಿಸಿ, ಕೂಸನ್ನು ಅಂಗಳಕ್ಕೆ ತಂದು ತೋರಿಸುತ್ತಿದ್ದರು. ಒಳಮನೆಯ ಹೊಸ್ತಿಲು ದಾಟಿ ಬಾಣಂತಿಯ ಪಕ್ಕ ಕುಳಿತುಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು. ಇಂಥ ನೌಕರಿ ಇದು. ಪುಕ್ಕಟೆ ಸಿಕ್ಕಿದ್ದೂ ಅಲ್ಲ, ಪುಕ್ಕಟೆ ಉಳಿದದ್ದೂ ಅಲ್ಲ.

ನಿಮ್ಮ ಪಾಲಿಸಿಗೆ ನಾನು ಸೇರಿದ್ದು 1988ರ ಏಪ್ರಿಲ್‌ನಲ್ಲಿ. ನಿಮ್ಮ ಕಂಪನಿಯ ಮನುಷ್ಯರೊಬ್ಬರು ನಮ್ಮ ಮಾಸಿಕ ಸಭೆಗೆ ಬಂದು, ಚಹಾ ಕುಡಿದು, ಆಸ್ಪತ್ರೆ ಸೇರುವ ಪ್ರಸಂಗ ಬಂದರೆ ನೀವು ಬಿಲ್ಲಿನ ಕಡೆ ನೋಡುವ ಹಾಗೇ ಇಲ್ಲ ಎಂದು ಅಭಯ ಕೊಟ್ಟಿದ್ದರು. ಮರುವರ್ಷ ಆಗಸ್ಟಿನಲ್ಲಿ ನನಗೆ ಎರಡನೆಯ ಹೆರಿಗೆಯಾಯಿತು. ಆ ಬಸುರಿನಲ್ಲೇ ನನ್ನ ಮೊಲೆಗಳು ಬೆಳೆಯತೊಡಗಿದವು. ಬಸುರಿಯರಿಗೆ ಬೆಳೆಯುವುದು ಸಹಜ, ಕೂಸು ಹಾಲು ಬಿಟ್ಟ ಮೇಲೆ ಇಳಿಯುವುದೂ ಸಹಜ. ನೂರಾರು ಬಾಣಂತಿಯರಿಗೆ ನಾನೇ ಈ ಸಮಾಧಾನ ಹೇಳಿದ್ದೇನೆ. ನನ್ನವು ಇಳಿಯಲಿಲ್ಲ. ಕೂಸು ಹಾಲು ಬಿಟ್ಟು ವರ್ಷ ಕಳೆದರೂ ಇನ್ನಷ್ಟು ಬೆಳೆದವು. ಕೆಲವರ ಮೈ ಹೀಗೆ ಮಾಡುತ್ತದೆ, ಇದಕ್ಕೆ ಔಷಧಿ ಇಲ್ಲ ಎಂದು ವೈದ್ಯರು ಹೇಳಿದರು.

ಆ ಭಾರ ಹೊತ್ತು ಬದುಕುವುದು ಎಂಥದ್ದೆಂದು ಗಂಡಸರಾದ ತಮಗೆ ಹೇಗೆ ಹೇಳಲಿ? ಈ ಸೀಮೆಯ ಮೇ ತಿಂಗಳ ಬಿಸಿಲು ತಮಗೂ ಗೊತ್ತು, ಆದರೆ ಫ್ಯಾನಿನ ಕೆಳಗಿನಿಂದ ಗೊತ್ತು. ಆ ಬಿಸಿಲಲ್ಲಿ ನಾಲ್ಕು ಮೈಲಿ ನಡೆದರೆ ಮೊಲೆಯ ಕೆಳಗಿನ ಚರ್ಮ ಬೆವರಿನಲ್ಲಿ ಬೆಂದು ಹುಣ್ಣಾಗುತ್ತಿತ್ತು. ಹುಣ್ಣು ಮಾಯುವ ಮೊದಲೇ ಮರುದಿನದ ಹಳ್ಳಿ ಕಾದಿರುತ್ತಿತ್ತು. ಒಳಗಿನ ಉಡುಪಿನ ಪಟ್ಟಿ ಹೆಗಲನ್ನು ಕೊರೆದು ಎರಡೂ ಕಡೆ ಬೆರಳು ಕೂರುವಷ್ಟು ಕಾಲುವೆ ಮಾಡಿತ್ತು. ಅದರ ಮೇಲೆ ಲಸಿಕೆ ಡಬ್ಬಿಯ ಬೆಲ್ಟು. ಕುತ್ತಿಗೆ ನೋವಿಗೆ ಮೊದಲು ಮಾತ್ರೆ, ಆಮೇಲೆ ಕೊರಳಪಟ್ಟಿ, ಆಮೇಲೆ ಬೆನ್ನಿಗೆ ಬೆಲ್ಟು. ಎರಡು ವರ್ಷ ನಾನು ಇದನ್ನೆಲ್ಲ ಕಟ್ಟಿಕೊಂಡು ಸಂತೆಗೆ ಹೊರಟ ಎತ್ತಿನ ಹಾಗೆ ತಿರುಗಿದೆ. ಒಂದು ದಿನವೂ ರಜೆ ಹಾಕಲಿಲ್ಲ. ಈಗ ರಜೆ ದುರುಪಯೋಗದ ಆರೋಪ ನನ್ನ ಮೇಲೆ!

ಇಷ್ಟಾದರೂ ನಾನು ಶಸ್ತ್ರಚಿಕಿತ್ಸೆಗೆ ಹೋಗುತ್ತಿರಲಿಲ್ಲ. ಬಡವರ ಮನೆಯ ಹೆಣ್ಣುಮಕ್ಕಳಿಗೆ ನೋವು ತಿನ್ನುವುದನ್ನು ಯಾರೂ ಕಲಿಸಬೇಕಿಲ್ಲ. ಹೋಗುವಂತೆ ಮಾಡಿದ್ದು ಈ ವರ್ಷ ಫೆಬ್ರುವರಿಯ ಒಂದು ಹೆರಿಗೆ. ಅದಕ್ಕೂ ಕೆಲವು ತಿಂಗಳ ಹಿಂದಿನಿಂದ ನನ್ನ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿಯುತ್ತಿದ್ದವು. ಕುತ್ತಿಗೆ, ಹೆಗಲ ಮೇಲಿನ ಭಾರಕ್ಕೆ ನರ ಒತ್ತುತ್ತಿದೆ ಎಂದು ಸೊಲ್ಲಾಪುರದ ಎಲುಬಿನ ವೈದ್ಯರು ಹೇಳಿದ್ದರು. ನಾನು ಕೈ ಝಾಡಿಸಿ ಝಾಡಿಸಿ ಸೂಜಿ ಹಾಕುತ್ತಿದ್ದೆ. ಆ ದಿನ ಬೆಳಗಿನ ಹತ್ತು ಗಂಟೆಗೆ ಗೊಬ್ಬೂರಿನ ಒಂದು ಮನೆಯಲ್ಲಿ ಚೊಚ್ಚಲ ಹೆರಿಗೆ. ನನ್ನ ಜೊತೆ ಊರ ಸೂಲಗಿತ್ತಿ ಸಾಬವ್ವ ಇದ್ದಳು. ಹೊಕ್ಕಳ ಬಳ್ಳಿ ಕತ್ತರಿಸಿ, ಒರೆಸಲೆಂದು ಕೂಸನ್ನು ಎತ್ತಿಕೊಂಡೆ. ಬಲಗೈಯಲ್ಲಿ ಕೂಸು ಇದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಗೊತ್ತಾಗುತ್ತಿರಲಿಲ್ಲ. ನೋಡುನೋಡುತ್ತಲೇ ಕೂಸು ಜಾರಿತು. ನೆಲ ಮುಟ್ಟಲು ಒಂದು ಗೇಣು ಇರುವಾಗ ಸಾಬವ್ವ ತನ್ನ ಸೆರಗೊಡ್ಡಿ ಹಿಡಿದಳು. ಅರವತ್ತೈದು ವರ್ಷದ ಮುದುಕಿ ಹಿಡಿದಳು, ಸರಕಾರಿ ತರಬೇತಿ ಪಡೆದ ನಾನು ಬಿಟ್ಟೆ.

ಬಾಣಂತಿ ಕಣ್ಣು ಮುಚ್ಚಿದ್ದಳು, ನೋಡಲಿಲ್ಲ. ಮನೆಯವರು ಹೊರಗಿದ್ದರು. ಸಾಬವ್ವ ಕೂಸನ್ನು ತಾಯಿಯ ಮಗ್ಗುಲಿಗೆ ಹಾಕಿ, ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅವಳು ಬೈಯಲಿಲ್ಲ.

"ನೋಡ ಬೇ ಮಲ್ಕಮ್ಮ," ಅಂದಳು. "ಇದು ಕೈ ತಪ್ಪಲ್ಲ. ತುಡುಗ ದನದ ಕೊಳ್ಳಾಗ ಕೊರಡ ಕಟ್ಟಿದಂಗ ಆಗ್ಯದ ನಿನ್ನ ಬಾಳೇವು. ಮೊದಲ ಆ ಭಾರ ಇಳಿಸ್ಕೊ. ಅಲ್ಲೀತನ ಮಂದಿ ಕೂಸಿಗೆ ಕೈ ಹಚ್ಚಬ್ಯಾಡ."

ವ್ಯವಸ್ಥಾಪಕರೇ, ನಿಮ್ಮ ಕಂಪನಿಯ ವೈದ್ಯಕೀಯ ಸಲಹೆಗಾರರು ಎಷ್ಟು ಓದಿದ್ದಾರೋ ತಿಳಿಯದು. ಹೆಬ್ಬೆಟ್ಟು ಒತ್ತುವ ಸಾಬವ್ವನಿಗೆ ಒಂದು ನಿಮಿಷದಲ್ಲಿ ತಿಳಿದದ್ದು ಅವರಿಗೆ ಮೂರು ತಿಂಗಳಲ್ಲಿ ತಿಳಿಯಲಿಲ್ಲ.

ಜೂನ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈ ಕಡೆಯ ನಾವು ದೊಡ್ಡ ಕಾಯಿಲೆ ಬಂದರೆ ಸೊಲ್ಲಾಪುರಕ್ಕೇ ಹೋಗುವವರು. ಗಂಡ ಚಂದ್ರಾಮ ಕೂಲಿ ಬಿಟ್ಟು ಹನ್ನೊಂದು ದಿನವೂ ಆಸ್ಪತ್ರೆಯ ಜಗಲಿಯಲ್ಲಿ ಮಲಗಿದ. ತೆಗೆದ ಮಾಂಸದ ತೂಕವನ್ನು ವೈದ್ಯರು ಬಿಡುಗಡೆ ಚೀಟಿಯಲ್ಲಿ ಬರೆದಿದ್ದಾರೆ: ಎರಡೂ ಕಡೆ ಸೇರಿ ಒಂದು ಕಿಲೋ ಏಳುನೂರು ಗ್ರಾಂ. ಆ ಚೀಟಿ ನಿಮ್ಮ ಕಡತದಲ್ಲಿದೆ. ತೂಗುವುದು ನನ್ನ ಕಸುಬು ಸ್ವಾಮಿ. ಹುಟ್ಟಿದ ಕೂಸನ್ನು ಜೋಳಿಗೆಯಲ್ಲಿ ಹಾಕಿ ತಕ್ಕಡಿಗೆ ಸಿಕ್ಕಿಸಿ ತೂಗುತ್ತೇನೆ. ಒಂದು ಕಿಲೋ ಏಳುನೂರು ಗ್ರಾಂ ಇರುವ ಕೂಸು ಹುಟ್ಟಿದರೆ ಅದನ್ನು ತಾಯಿಯ ಎದೆಗೆ ಕಟ್ಟಿ, ಸಿಕ್ಕ ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಓಡಿಸುತ್ತೇವೆ. ಅಂಥ ಒಂದು ಜೀವದಷ್ಟು ತೂಕವನ್ನು ಕೊರಳಿಗೆ ಕಟ್ಟಿಕೊಂಡು ನಾನು ಐದು ವರ್ಷ ಮಲಗಿ ಎದ್ದಿದ್ದೇನೆ. ಅದನ್ನು ಇಳಿಸಿಕೊಂಡದ್ದು ಅಲಂಕಾರವೇ? ಹಾಗಾದರೆ ರೈಲು ನಿಲ್ದಾಣದ ಹಮಾಲ ಮೂಟೆ ಇಳಿಸಿದಾಗಲೂ ಅಲಂಕಾರ ಮಾಡಿಕೊಂಡ ಎಂದು ಬರೆಯಿರಿ.

ಇನ್ನು ನಿಮ್ಮ ಕಚೇರಿಯ ತರ್ಕಕ್ಕೆ ಬರುತ್ತೇನೆ. ಜುಲೈನಲ್ಲಿ ಕ್ಲೇಮು ಹಾಕಿದೆ. ಆಗಸ್ಟ್ ಮೂರಕ್ಕೆ ನಿಮ್ಮ ಮೊದಲ ಪತ್ರ ಬಂತು. 'ಈ ರೋಗ ಪಾಲಿಸಿಗೆ ಸೇರುವ ಮೊದಲೇ ಇತ್ತೆಂದು ಸಂಶಯವಿದೆ, ಇರಲಿಲ್ಲವೆಂದು ದಾಖಲೆ ಸಮೇತ ರುಜುವಾತು ಮಾಡತಕ್ಕದ್ದು' ಎಂದು. ಗಮನಿಸಿ, ಅದರಲ್ಲಿ ಇದನ್ನು ರೋಗ ಎಂದೇ ಕರೆದಿದ್ದೀರಿ. ಮೊದಲೇ ಇರಲಿಲ್ಲವೆಂದು ನಾನು ರುಜುವಾತು ಮಾಡಿದ ಕೂಡಲೇ ಅದು ರೋಗವೇ ಅಲ್ಲ ಎಂದಿರಿ. ಹಳೆಯದಾಗಿದ್ದರೆ ರೋಗ, ಹೊಸದಾಗಿದ್ದರೆ ಸೌಂದರ್ಯ! ಆಗಸ್ಟ್ ಮೂರಕ್ಕೆ ರೋಗಿಯಾಗಿದ್ದವಳು ಸೆಪ್ಟೆಂಬರ್ ಹನ್ನೆರಡಕ್ಕೆ ಸುಂದರಿಯಾದಳು. ನಲವತ್ತು ದಿನದಲ್ಲಿ ಇಂಥ ಮಾರ್ಪಾಡು ಮಾಡುವ ಲೇಹ್ಯ ನಿಮ್ಮ ಕಚೇರಿಯಲ್ಲಿದ್ದರೆ ವಿಮೆ ಬಿಟ್ಟು ಅದನ್ನೇ ಮಾರಿರಿ, ಬರಕತ್ತು ಆದೀತು.

ಆ ರುಜುವಾತು ನಾನು ಹೇಗೆ ತಂದೆ ಎಂಬುದನ್ನೂ ತಮಗೆ ಹೇಳಲೇಬೇಕು. ಹಳ್ಳಿಯ ಹೆಣ್ಣಿನ ಮೈ 1988ರಲ್ಲಿ ಎಷ್ಟಿತ್ತು ಎಂದು ಬರೆದಿಟ್ಟ ಸರಕಾರಿ ದಾಖಲೆ ಯಾವ ತಹಸೀಲಿಯಲ್ಲಿ ಸಿಗುತ್ತದೆ? ಮೂರು ದಿನ ಯೋಚಿಸಿದೆ. ಆಮೇಲೆ ಹೊಳೆಯಿತು, ಅಂಥ ದಾಖಲೆ ಇಡುವವನು ಪ್ರಪಂಚದಲ್ಲಿ ಒಬ್ಬನೇ, ದರ್ಜಿ. ಅಫಜಲಪುರದಲ್ಲಿ ಗೌಸಮೊಹಿದ್ದೀನ ಎಂಬ ಹಿರಿಯ ದರ್ಜಿ ಇದ್ದಾರೆ. ನೌಕರಿ ಸೇರಿದಂದಿನಿಂದ ನನ್ನ ಕುಬಸ ಹೊಲಿಯುವವರು ಅವರೇ. ನಮ್ಮಲ್ಲಿ ದರ್ಜಿಗಳು ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿಯುವುದಿಲ್ಲ. ಸರಿಯಾಗಿ ಕೂರುವ ಹಳೆಯ ಕುಬಸ ಒಂದನ್ನು ಅಳತೆಗೆಂದು ಕೊಟ್ಟು ಬರುತ್ತೇವೆ. ಅವರು ಅದನ್ನು ಹಲಗೆಯ ಮೇಲೆ ಹಾಸಿ ಅಳೆದು, ತಮ್ಮ ವಹಿಯಲ್ಲಿ ತಾರೀಕು ಹಾಕಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಾರೆ. ಹದಿನಾರು ವರ್ಷದ ನನ್ನ ಮೈ ಆ ವಹಿಯಲ್ಲಿತ್ತು.

ಹೋಗಿ ಕೇಳಿದೆ. ಆ ಹಿರಿಯರು ಕನ್ನಡಕ ತೆಗೆದು, ನನ್ನ ಮುಖ ನೋಡದೆ, ಹೊಲಿಗೆ ಮಶೀನಿನ ಕಡೆ ತಿರುಗಿ ಕುಳಿತರು. ನಾನು ಕಂಪನಿಯ ಪತ್ರ ತೋರಿಸಿದೆ. ವಹಿಯನ್ನು ಕಂಪನಿಗೆ ಕಳಿಸುವುದು ಸಾಧ್ಯವೇ ಇಲ್ಲ ಎಂದರು.

"ಹೆಣ್ಣಮಕ್ಕಳ ಅಳತಿ ನಮ್ಮ ಹತ್ರ ಅಮಾನತ್ ಇದ್ದಂಗ್ರಿ ಬಾಯಿ, ನಂಬಿ ಇಟ್ಟ ಒಡವಿ," ಅಂದರು. "ನಲವತ್ತ ವರ್ಷ ಆತು, ನನ್ನ ಖಾಸ್ ಮಗನಿಗೂ ಈ ವಹಿ ತೆಗಿಲಿಕ್ಕೆ ಬಿಟ್ಟಿಲ್ಲ. ಪರಗಂಡಸರ ಕೈಯಾಗ ಹ್ಯಾಂಗ ಕೊಡ್ಲಿ?"

ಆಗ ಒಳಗಿನಿಂದ ಅವರ ಹೆಂಡತಿ ಶರೀಫಾಬಿ ಬಂದರು. ಅವರೇ ದಾರಿ ತೋರಿಸಿದ್ದು. ವಹಿಯಲ್ಲಿ ನನ್ನ ಹೆಸರಿನ ಸಾಲುಗಳನ್ನು ಮಾತ್ರ ಗಂಡನಿಂದ ಬೇರೆ ಹಾಳೆಗೆ ಕನ್ನಡದಲ್ಲಿ ಬರೆಸಿ, ಸಹಿ ಹಾಕಿಸಿ, ನನಗೊಮ್ಮೆ ತೋರಿಸಿ, ಆ ಹಾಳೆಯನ್ನು ಮಡಚಿ, ಲಕೋಟೆಯಲ್ಲಿಟ್ಟು ಅಂಟು ಹಚ್ಚಿ ನನ್ನ ಕೈಗೆ ಕೊಟ್ಟರು. ಗೌಸಮೊಹಿದ್ದೀನರು ಬರೆಯುವಾಗಲೂ ಅಂಕಿಗಳನ್ನು ಗಟ್ಟಿಯಾಗಿ ಓದಲಿಲ್ಲ. 1978ರಿಂದ 1988ರವರೆಗೆ ಎದೆಯ ಅಳತೆ ಹೆಚ್ಚುಕಡಿಮೆ ಒಂದೇ. 1989ರ ಮಧ್ಯದಿಂದ ಮೇಲೆ ಮೇಲೆ ಏರುತ್ತ ಹೋಗುತ್ತದೆ. ಯಾವ ವೈದ್ಯರೂ ಬರೆದುಕೊಡಲಾಗದ ಸಾಕ್ಷಿ ಅದು. ಅದನ್ನು ಅಲ್ಲಗಳೆಯಲು ನಿಮಗೂ ಆಗಲಿಲ್ಲ. ಆದ್ದರಿಂದಲೇ ಆಗಸ್ಟ್ ಕೊನೆಗೆ ಎರಡನೆಯ ಪತ್ರ ಬಂತು: ಶಸ್ತ್ರಚಿಕಿತ್ಸೆಯ ಮುಂಚಿನ ಫೋಟೋಗಳ ಮೂಲಪ್ರತಿ ಕಳಿಸಿಕೊಡಿ ಎಂದು.

ಆ ಫೋಟೋಗಳು ಆಸ್ಪತ್ರೆಯವರು ಚಿಕಿತ್ಸೆಗಾಗಿ ತೆಗೆದವು. ಕೊರಳಿನಿಂದ ಕೆಳಗೆ ಮಾತ್ರ, ಮುಖವಿಲ್ಲ. ಕಳಿಸಬೇಡ ಎಂದ ಚಂದ್ರಾಮ. ನಾನೇ ಹಟ ಹಿಡಿದು ಕಳಿಸಿದೆ. ನಾನು ಆರೋಗ್ಯ ಇಲಾಖೆಯವಳು ನೋಡಿ, ಕಾಗದಪತ್ರದ ಮೇಲೆ ನನಗೆ ಭಾಳ ಭರವಸೆ. ವೈದ್ಯರು ವೈದ್ಯರಿಗೆ ತೋರಿಸುತ್ತಾರೆ, ಕಂಪನಿಯ ಸಲಹೆಗಾರರು ನೋಡಿ ಮುಚ್ಚಿಡುತ್ತಾರೆ ಎಂದು ತಿಳಿದೆ. ಲಕೋಟೆಯ ಮೇಲೆ 'ಗೋಪ್ಯ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಮೂರ್ಖಳು ನಾನು.

ತಿರಸ್ಕಾರದ ಪತ್ರ ಬಂದ ಮೇಲೆ, ಸೆಪ್ಟೆಂಬರ್ ಇಪ್ಪತ್ತಾರಕ್ಕೆ ನಾನು ಖುದ್ದು ನಿಮ್ಮ ಕಚೇರಿಗೆ ಬಂದೆ. ತಾವು ಕ್ಯಾಂಪಿನ ಮೇಲಿದ್ದಿರಿ. ಕ್ಲೇಮು ವಿಭಾಗದಲ್ಲಿ ನನ್ನ ಕಡತ ಕೇಳಿದೆ. ಅದು ಕಪಾಟಿನಲ್ಲಿ ಇರಲಿಲ್ಲ. ಮೂರು ಮೇಜು ದಾಟಿ, ಕಿಟಕಿಯ ಹತ್ತಿರದ ಮೇಜಿನ ಮೇಲೆ, ತೆರೆದೇ ಇತ್ತು. ಎಲ್ಲಕ್ಕಿಂತ ಮೇಲೆ ನನ್ನ ಫೋಟೋ, ಟಾಚಣಿ ಚುಚ್ಚಿ ಸಿಕ್ಕಿಸಿದ್ದು. ಫೋಟೋದ ಮೇಲೆ ಚಹಾ ಲೋಟದ ದುಂಡನೆಯ ಗುರುತು. ಅಲ್ಲಿ ನಾಲ್ವರು ನೌಕರರಿದ್ದರು. ಕಡತ ಯಾರದೆಂದು ಗೊತ್ತಾದ ಮೇಲೆ ನಾಲ್ವರೂ ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಮುಖವಿಲ್ಲದ ಫೋಟೋಕ್ಕೆ ಅಂದು ಮುಖ ಸಿಕ್ಕಿತು. ನಾನು ಸೆರಗು ಹೊದ್ದು ನಿಂತಿದ್ದೆ. ಆದರೂ ಆ ಕ್ಷಣದಲ್ಲಿ ಮೈ ಮೇಲೆ ಒಂದು ಎಳೆ ಬಟ್ಟೆ ಇಲ್ಲವೆಂದು ಅನಿಸಿತು. ಅವರಲ್ಲಿ ವಯಸ್ಸಾದ ಒಬ್ಬರು, ನನ್ನ ತಂದೆಯ ಪ್ರಾಯದವರು, ನಗುತ್ತ ಮಾತಾಡಿಸಿದರು.

"ಮೊದಲಿಂದ ಛಂದ ಇತ್ತಲ್ರೀ ಸಿಸ್ಟರ್. ಖಾಲಿಪೀಲಿ ಯಾಕ ಕೊಯಿಸ್ಕೊಂಡ್ರಿ?"

ಉಳಿದ ಮೂವರು ಕಡತಗಳಲ್ಲಿ ಮುಖ ಇಟ್ಟರು. ನಗು ಮಾತ್ರ ಕಡತ ದಾಟಿ ಕೇಳಿಸಿತು. ಊರಲ್ಲಿ ಕುಡಿದು ಬಂದ ಗಂಡಂದಿರನ್ನು ಹೆರಿಗೆ ಮನೆಯ ಬಾಗಿಲಿನಿಂದ ಕತ್ತು ಹಿಡಿದು ಹೊರಗೆ ತಳ್ಳಿದವಳು ನಾನು. ಅಂದು ನಿಮ್ಮ ಕಚೇರಿಯ ಮೆಟ್ಟಿಲಿಳಿದು, ಬಸ್ ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಮತ್ತೆ ಮತ್ತೆ ತೊಳೆದುಕೊಂಡು ಊರಿಗೆ ಬಂದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂದು ನನಗೂ ಅನಿಸಿಲ್ಲ.

ಒಬ್ಬ ದರ್ಜಿ, ತಿಂಗಳಿಗೆ ನಿಮ್ಮ ಜವಾನನಷ್ಟೂ ಗಳಿಸದವರು, ಒಂದು ಅಂಕಿಯನ್ನು ಗಟ್ಟಿಯಾಗಿ ಓದಲು ನಾಚಿದರು. ನಿಮ್ಮ ಕಚೇರಿ ನನ್ನ ಬರಿಮೈಯ ಮೇಲೆ ಚಹಾ ಲೋಟ ಇಟ್ಟಿತು. ಇದರಲ್ಲಿ ಇನ್ಶೂರೆನ್ಸ್ ಅಂದರೆ ಯಾವುದು, ಭದ್ರತೆ ಅಂದರೆ ಯಾವುದು, ತಾವೇ ಹೇಳಿರಿ. ಇನ್ನೊಂದು ಸಣ್ಣ ತಾಂತ್ರಿಕ ಪ್ರಶ್ನೆಯೂ ಇದೆ. ಶಸ್ತ್ರಚಿಕಿತ್ಸೆಯಿಂದ ನನ್ನ ಅಂದ ಹೆಚ್ಚಿತೆಂದು ತಾವು ಬರೆದಿದ್ದೀರಿ. ಇದ್ದ ಅಂದವೂ ಹೋಯಿತೆಂದು ನಿಮ್ಮ ಹಿರಿಯ ಗುಮಾಸ್ತರು ಹೇಳುತ್ತಾರೆ. ನನ್ನ ಮೈಯ ವಿಷಯದಲ್ಲಿ ನಿಮ್ಮ ಕಚೇರಿಯಲ್ಲೇ ಒಮ್ಮತವಿಲ್ಲ. ಹೆಚ್ಚಿದ್ದಾದರೆ ನಾನು ಕ್ಲೇಮಿಗೆ ಅರ್ಹಳಲ್ಲ, ಸರಿ. ಹೋಗಿದ್ದಾದರೆ ನಷ್ಟ ಪರಿಹಾರ ಕೊಡುತ್ತೀರೇನು? ಅಥವಾ ಮೇಜುಗಳನ್ನು ಸುತ್ತು ಹಾಕಿ ಕೂಡಿಸಿ, ಕೈ ಎತ್ತಿಸಿ ತೀರ್ಮಾನ ಮಾಡುತ್ತೀರೇನು?

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಅಂದಕ್ಕಾಗಿ ಯಾರಾದರೂ ಏನಾದರೂ ಮಾಡಿಸಿಕೊಂಡರೆ ಅದು ಪಾಪವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ವಿಮೆ ಕೊಡಿ ಎಂದೂ ಕೇಳುತ್ತಿಲ್ಲ. ಆದರೆ ಅದು ಅಂದವೋ ಅಲ್ಲವೋ ಎಂದು ನಿರ್ಣಯಿಸುವವರು ಎಲುಬಿನ ವೈದ್ಯರ ಚೀಟಿ ಓದಬೇಕೋ ಬೇಡವೋ? ನರ ಒತ್ತಿದೆ ಎಂಬ ವರದಿ, ಕೈಬೆರಳ ಜೋಮಿನ ವರದಿ, ಎರಡು ವರ್ಷದ ಮಾತ್ರೆ ಬೆಲ್ಟುಗಳ ಚೀಟಿ ಎಲ್ಲ ಕಳಿಸಿದ್ದೆ. ಕಡತದಲ್ಲಿ ಅವುಗಳ ದಾರ ಬಿಚ್ಚಿರಲೇ ಇಲ್ಲ. ನಾನೇ ಕಟ್ಟಿದ ಗಂಟು, ನನಗೆ ಗುರುತು ಸಿಗುತ್ತದೆ. ಫೋಟೋ ಮಾತ್ರ ಎಲ್ಲರೂ ನೋಡಿದ್ದರು. ಗಂಡಸಿನ ಬೆನ್ನ ಮೇಲೆ ಒಂದೂವರೆ ಕಿಲೋದ ಗಡ್ಡೆ ಬೆಳೆದು ಕೈ ಜೋಮು ಹಿಡಿದಿದ್ದರೆ, ಅದನ್ನು ತೆಗೆಸಿಕೊಂಡದ್ದು ಸೌಂದರ್ಯಕ್ಕಾಗಿ ಎಂದು ಬರೆಯುವ ಧೈರ್ಯ ನಿಮ್ಮ ಸಲಹೆಗಾರರಿಗೆ ಬರುತ್ತಿತ್ತೆ? ಮೊಲೆ ಎಂದ ಕೂಡಲೇ ನಿಮ್ಮ ಕಂಪನಿಗೆ ಶೃಂಗಾರ ನೆನಪಾಗುತ್ತದೆ. ನಮಗೆ ನೆನಪಾಗುವುದು ಹಾಲು, ಹುಣ್ಣು, ಬೆವರು, ಭಾರ.

ನೋಟೀಸಿನ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಒಂದು ವಿಚಿತ್ರ ನಡೆಯಿತು. ನನ್ನನ್ನು ನೋಡಿ ನಗುತ್ತಾರೆಂದು ಅಂಜಿಕೊಂಡಿದ್ದೆ. ನಕ್ಕವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮಾತ್ರೆ ಕೇಳುವ ನೆವದಲ್ಲಿ, ಕೂಸಿನ ನೆಗಡಿಯ ನೆವದಲ್ಲಿ ಒಬ್ಬೊಬ್ಬರೇ ಹೆಂಗಸರು ಉಪಕೇಂದ್ರಕ್ಕೆ ಬಂದು ಬಾಗಿಲು ಮುಂದೆ ಮಾಡಿಕೊಳ್ಳತೊಡಗಿದರು. ಕಬ್ಬಿನ ಕೂಲಿಯವಳು, ಗೌಡರ ಸೊಸೆ, ಸಾಲಿ ಮಾಸ್ತರರ ಹೆಂಡತಿ, ಹೀಗೆ ಈ ತಿಂಗಳಲ್ಲೇ ಏಳು ಜನ. ಎಲ್ಲರೂ ಮೊದಲು ಬೇರೆ ಏನೋ ಹೇಳಿ, ಕೊನೆಗೆ ಹೆಗಲ ಮೇಲಿನ ಸೆರಗು ಸರಿಸಿದರು. ಅವರ ಹೆಸರುಗಳನ್ನು ಹೇಳುವುದಿಲ್ಲ, ಆ ಅಮಾನತ್ ಈಗ ನನ್ನದು. ನಮಗೂ ಹೀಗೆ ಮಾಡಿಸಿಕೊಳ್ಳಲು ಬರುತ್ತದೇನು ಎಂದು ಕೇಳಿದರು. ಬರುತ್ತದೆ ಎನ್ನಲು ಬಾಯಿ ತೆರೆದೆ. ಆಮೇಲೆ ನೋಟೀಸು ನೆನಪಾಗಿ ಸುಮ್ಮನಾದೆ. ನನ್ನ ನೌಕರಿ ಹೋದರೆ ಆ ಏಳು ಜನರೂ ಸೆರಗು ಎಳೆದುಕೊಂಡು ಮನೆಯಲ್ಲಿ ಕೂರುತ್ತಾರೆ. ಎಂಟನೆಯವಳು ಬಾಗಿಲಿಗೂ ಬರುವುದಿಲ್ಲ.

ಕಳೆದ ಗುರುವಾರದ ಒಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ಗುರುವಾರ ಲಸಿಕೆಯ ದಿನ. ತಾಲೂಕಿನಿಂದ ಲಸಿಕೆ ತುಂಬಿಸಿಕೊಂಡು ಬರಲು ಬೆಳಗಿನ ಬಸ್ಸಿಗೆ ಹೊರಟಿದ್ದೆ. ಮನೆಯಿಂದ ಹೊರಬೀಳುವುದು ತಡವಾಯಿತು. ದೂರದಲ್ಲಿ ಬಸ್ಸು ಗೇರು ಹಾಕಿದ ಸದ್ದು ಕೇಳಿತು. ನಾನು ಓಡಿದೆ. ಮುಂಚೆ ಯೋಚಿಸಿ ಓಡಿದ್ದಲ್ಲ, ಕಾಲು ತಾವೇ ಓಡಿದವು. ಖಾಲಿ ಡಬ್ಬಿ ಬೆನ್ನಿಗೆ ಬಡಿಯುತ್ತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದೆ, ಇಡೀ ಬಸ್ಸು ಕಿಟಕಿಯಿಂದ ನೋಡುತ್ತಿತ್ತು. ಹತ್ತಿ ಕಂಬಿ ಹಿಡಿದು ನಿಂತಾಗ ಏದುಸಿರು ಬಿಡುತ್ತಿದ್ದೆ, ಎಲ್ಲೂ ನೋಯುತ್ತಿರಲಿಲ್ಲ. ಒಂದು ಕೈ ಎದೆಗೆ ಅಡ್ಡ ಹಿಡಿದುಕೊಳ್ಳದೆ, ಎರಡೂ ಕೈ ಬೀಸಿ, ನಾನು ಕಡೆಯ ಸಲ ಯಾವಾಗ ಓಡಿದ್ದೆನೋ ನೆನಪಿಲ್ಲ. ಸೀಟಿನಲ್ಲಿ ಕುಳಿತು ಅತ್ತುಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ, ಯಾಕ್ರೀ ಅಕ್ಕಾರ, ಯಾರರ ತೀರಿಕೊಂಡ್ರೇನು ಎಂದು ಕೇಳಿದ. ಇಲ್ಲಪ್ಪಾ, ಬಸ್ ಸಿಕ್ಕಿತು ಅಂದೆ.

ಈಗ ನನ್ನ ಬೇಡಿಕೆ ಕೇಳಿರಿ. ನವೆಂಬರ್ ಇಪ್ಪತ್ತೊಂದರ ಬೆಳಗಿನ ಹನ್ನೊಂದು ಗಂಟೆಗೆ ವಿಚಾರಣಾಧಿಕಾರಿಗಳು ಜೇವರ್ಗಿಯಿಂದ ಅಫಜಲಪುರಕ್ಕೆ ಬಂದು ಕೂರುತ್ತಾರೆ. ಅದಕ್ಕೂ ಮೊದಲು 'ಕಾಸ್ಮೆಟಿಕ್' ಎಂದದ್ದು ತಪ್ಪು, ಅದು ಕಾಯಿಲೆಗೆ ಮಾಡಿದ ಚಿಕಿತ್ಸೆ ಎಂದು ತಮ್ಮ ಸಹಿಯ ಪತ್ರ ನಮ್ಮ ಇಲಾಖೆಗೆ ಮುಟ್ಟಬೇಕು. ಪ್ರತಿ ನನಗೂ ಬೇಕು. ನನ್ನ ಫೋಟೋಗಳು ಒಂದೂ ಉಳಿಯದಂತೆ ನನಗೆ ಮರಳಬೇಕು, ಚಹಾದ ಗುರುತಿನ ಸಮೇತ, ಯಾರ ಕೈಯಲ್ಲೂ ಕಳಿಸದೆ ತಾವೇ ಲಕೋಟೆಗೆ ಅಂಟು ಹಚ್ಚಿ. ಆಸ್ಪತ್ರೆಯ ಬಿಲ್ಲಿನ ಹಣ ಕೂಡ ಬೇಕು. ಮಾನ ಸಿಕ್ಕರೆ ಸಾಕು, ದುಡ್ಡು ಬೇಡ ಎಂದು ದೊಡ್ಡಸ್ತಿಕೆ ತೋರಿಸುವವರ ಪೈಕಿ ನಾನಲ್ಲ. ನಾನು ಕಂತು ಕಟ್ಟಿದ್ದು ಮಾನಕ್ಕಲ್ಲ, ಆಸ್ಪತ್ರೆಗೆ. ತಾವು ಬರೆಯದೇ ಹೋದರೂ ನಾನು ವಿಚಾರಣೆಗೆ ಹೋಗುತ್ತೇನೆ. ಸಾಬವ್ವ ತಾನೂ ಬರುತ್ತೇನೆಂದಿದ್ದಾಳೆ. ಆ ಏಳು ಜನರಲ್ಲಿ ಐವರು ಬರುತ್ತೇವೆಂದಿದ್ದಾರೆ, ಇನ್ನಿಬ್ಬರು ಗಂಡನ ಹತ್ತಿರ ಕೇಳಿ ಹೇಳುತ್ತಾರಂತೆ. ಕೊಠಡಿ ಸಾಲದಿದ್ದರೆ ಅಂಗಳದಲ್ಲಿ ನಿಲ್ಲುತ್ತೇವೆ. ಅಲ್ಲಿ ನಾನು ಫೋಟೋ ಇಲ್ಲದೆ, ಮುಖ ಮುಚ್ಚಿಕೊಳ್ಳದೆ, ಈ ಪತ್ರದಲ್ಲಿರುವ ಪ್ರತಿಯೊಂದು ಮಾತನ್ನೂ ಬಾಯಿಬಿಟ್ಟು ಹೇಳುತ್ತೇನೆ. ತಾವೂ ಬನ್ನಿ. ನಾನು ಎಷ್ಟು ಚೆಲುವೆಯಾಗಿದ್ದೇನೆಂದು ನನ್ನ ಮುಖ ನೋಡಿ ಹೇಳಿ.

ಇಂತಿ,
ತಮ್ಮ ಕಚೇರಿಯ ದಾಖಲೆಯ ಪ್ರಕಾರ ಸುಂದರಿ,
ಮಕ್ಕಳ ಪಾಲಿಗೆ ಸೂಜಿ ಚುಚ್ಚುವ ಬೂಚಿ,
ಸದ್ಯಕ್ಕಿನ್ನೂ ನೌಕರಿಯಲ್ಲಿರುವ
ಮಲ್ಕಮ್ಮ ಚಂದ್ರಾಮ
ಕಿರಿಯ ಆರೋಗ್ಯ ಸಹಾಯಕಿ, ಗೊಬ್ಬೂರ